ಕೊಡಕ್ ಯಾಕೆ ಹಾಗಾಯ್ತು? ಸ್ಟುಡಿಯೋಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಮ್ಮದು ಅಪ್ಪನ ಕಾಲದಿಂದ ಇರುವ ಸ್ಟುಡಿಯೋ. ಮುಂದಿನ ಕೋಣೆಯ ಗಾಜಿನ ಬೀರುವಿನಲ್ಲಿ ಹಳೇ ಕ್ಯಾಮೆರಾಗಳಿವೆ, ಕೊಡಕ್ ಫಿಲ್ಮ್ ರೋಲಿನ ಹಳದಿ ಪೆಟ್ಟಿಗೆಗಳಿವೆ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಪ್ರಿಂಟ್ ಕೈಗೆ ಬರುವವರೆಗೆ ಅದನ್ನೇ ನೋಡುತ್ತಾ ನಿಲ್ಲುತ್ತಾರೆ. ವಯಸ್ಸಾದವರು ಒಂದು ನೆನಪು ಹೇಳುತ್ತಾರೆ. ಹುಡುಗರು ಒಂದು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಅಷ್ಟು ದೊಡ್ಡ ಕಂಪನಿ, ಹೇಗೆ ಹೋಯ್ತು?

ಮಂಡ್ಯ, ಶ್ರೀರಂಗಪಟ್ಟಣದ ಕಡೆಯ ಸ್ಟುಡಿಯೋ ಗೆಳೆಯರು ಕೂತು ಮಾತಾಡುವಾಗ ಕೇಳಿದ್ದು, ಬಿ.ಕಾಂ., ಎಂಬಿಎ ಓದುವ ಮಕ್ಕಳು ಬರೆದು ಕಳಿಸಿದ್ದು, ಎಲ್ಲವನ್ನೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕೊಡಕ್‌ನವರು ದಡ್ಡರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

## ಮೊದಲು ಕೇಳುವ ಪ್ರಶ್ನೆಗಳು

ಸರ್, ಕೊಡಕ್ ಅಂದ್ರೆ ಕ್ಯಾಮೆರಾ ಕಂಪನಿನಾ, ರೋಲ್ ಕಂಪನಿನಾ?

ಎರಡೂ ಹೌದು. ಆದರೆ ದುಡ್ಡು ಬರುತ್ತಿದ್ದದ್ದು ರೋಲಿನಿಂದ.

ಅಮೆರಿಕದ ರಾಚೆಸ್ಟರ್ ಊರಿನ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಮೊದಲ ಕೊಡಕ್ ಕ್ಯಾಮೆರಾ ತಂದರು. ಬೆಲೆ 25 ಡಾಲರ್. ಒಳಗೆ 100 ಫೋಟೋಗೆ ಆಗುವಷ್ಟು ರೋಲ್ ಇರುತ್ತಿತ್ತು. ಅದು ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ರಾಚೆಸ್ಟರ್‌ಗೆ ಕಳಿಸಬೇಕು. ಅವರು ರೋಲ್ ತೊಳೆದು, ಪ್ರಿಂಟ್ ಹಾಕಿ, ಹೊಸ ರೋಲ್ ತುಂಬಿಸಿ ವಾಪಸ್ ಕಳಿಸುತ್ತಿದ್ದರು. ಅದಕ್ಕೆ 10 ಡಾಲರ್. 1900ರಲ್ಲಿ ಬ್ರೌನಿ ಅನ್ನುವ ಪುಟ್ಟ ಕ್ಯಾಮೆರಾ ಬಂತು. ಅದಕ್ಕೆ ಬರೀ 1 ಡಾಲರ್.

ಸ್ಟೌ ಅಗ್ಗಕ್ಕೆ ಕೊಟ್ಟು ಸೀಮೆಎಣ್ಣೆ ಮಾರಿದ ಹಾಗೆ. ಕ್ಯಾಮೆರಾ ಕೊಳ್ಳುವುದು ಒಂದು ಸಲ, ರೋಲ್ ಕೊಳ್ಳುವುದು ಜೀವನಪೂರ್ತಿ. ನೂರು ವರ್ಷ ಈ ಲೆಕ್ಕವೇ ಆ ಕಂಪನಿಯನ್ನು ಸಾಕಿತು. 1976ರ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಫಿಲ್ಮ್‌ನಲ್ಲಿ ಸುಮಾರು ಶೇ. 90 ಕೊಡಕ್‌ನದೇ.

ಕೊಡಕ್ ಅನ್ನೋ ಹೆಸರಿಗೆ ಅರ್ಥ ಏನು?

ಏನೂ ಇಲ್ಲ. ಈಸ್ಟ್‌ಮನ್ ಕೂತು ಕಟ್ಟಿದ ಪದ ಅದು. ಅವರಿಗೆ ಇಂಗ್ಲಿಷಿನ 'ಕೆ' ಅಕ್ಷರ ತುಂಬಾ ಇಷ್ಟ, ಅದಕ್ಕೇ ಮೊದಲೂ ಕೊನೆಯೂ ಅದೇ. ಯಾವ ಭಾಷೆಯವರ ಬಾಯಲ್ಲೂ ಸಲೀಸಾಗಿ ಬರಬೇಕು ಅನ್ನುವುದು ಅವರ ಆಸೆ. ನಮ್ಮಜ್ಜಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ, ಆದರೆ ಕೊಡಕ್ ಅನ್ನುವುದು ತಪ್ಪುತ್ತಿರಲಿಲ್ಲ. ಖಾಲಿ ರೋಲಿನ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಅವರ ದೇವರ ಗೂಡಿನಲ್ಲಿ ಕುಂಕುಮಕ್ಕೆ ಇರುತ್ತಿತ್ತು.

ರೋಲ್ ತೊಳೆಯೋದು ಅಂದ್ರೇನು ಅಂಕಲ್? ನೀರಲ್ಲಾ?

ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳಬೇಕು. ಕೊಡಕ್ ಕತೆಯ ಬೇರು ಇಲ್ಲೇ ಇದೆ.

ಫಿಲ್ಮ್ ಅಂದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಜೆಲಾಟಿನ್ ಪದರ. ದನದ ಮೂಳೆ, ಚರ್ಮದಿಂದ ತೆಗೆಯುವ ಅಂಟು ಅದು. ಆ ಅಂಟಿನೊಳಗೆ ಬೆಳ್ಳಿಯ ಲವಣದ ಕಣ್ಣಿಗೆ ಕಾಣದ ಹರಳುಗಳು. ಬೆಳಕು ಬಿದ್ದ ಹರಳಿನಲ್ಲಿ ಒಂದು ಬದಲಾವಣೆ ಆಗುತ್ತದೆ, ಆದರೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಡೆವಲಪರ್ ಅನ್ನುವ ರಾಸಾಯನಿಕದಲ್ಲಿ ಮುಳುಗಿಸಿದಾಗ ಬೆಳಕು ತಾಗಿದ ಹರಳುಗಳು ಕಪ್ಪು ಬೆಳ್ಳಿಯಾಗುತ್ತವೆ. ಆಮೇಲೆ ಹೈಪೋ. ಉಳಿದ ಲವಣವನ್ನು ಅದು ಕರಗಿಸುತ್ತದೆ. ಕೊನೆಗೆ ನೀರಲ್ಲಿ ತೊಳೆದು ಒಣಗಲು ತೂಗುಹಾಕಬೇಕು. ಅದೇ ನೆಗೆಟಿವ್.

ಫಿಲ್ಮ್ ತೊಳೆಯುವುದು ಪೂರ್ತಿ ಕತ್ತಲಲ್ಲಿ. ಕಪ್ಪು-ಬಿಳುಪು ಕಾಗದದ ಮೇಲೆ ಪ್ರಿಂಟ್ ಹಾಕುವಾಗ ಮಾತ್ರ ಕೆಂಪು ಬಲ್ಬು ಹಾಕಬಹುದಿತ್ತು. ಡೆವಲಪರ್ 20 ಡಿಗ್ರಿ ಆಸುಪಾಸು ಇರಬೇಕು. ಏಪ್ರಿಲ್ ತಿಂಗಳಲ್ಲಿ ಅಪ್ಪ ಐಸ್ ತರಿಸಿ ಟ್ರೇ ಸುತ್ತ ಇಡುತ್ತಿದ್ದರು. ಕಲರ್ ಫಿಲ್ಮ್ ಇನ್ನೂ ನಾಜೂಕು. 37.8 ಡಿಗ್ರಿ ಶಾಖ, 3 ನಿಮಿಷ 15 ಸೆಕೆಂಡ್. ಸ್ವಲ್ಪ ಏರುಪೇರಾದರೆ ಮದುಮಗಳ ಮುಖ ಹಸಿರು.

ಬಳಸಿದ ಹೈಪೋ ನೀರನ್ನು ಚೆಲ್ಲುತ್ತಿರಲಿಲ್ಲ. ಅದರಲ್ಲಿ ಕರಗಿದ ಬೆಳ್ಳಿ ಇರುತ್ತಿತ್ತು. ಅದನ್ನು ಕೊಂಡು ಬೆಳ್ಳಿ ತೆಗೆಯುವವರು ಕ್ಯಾನ್ ಹಿಡಿದು ಬರುತ್ತಿದ್ದರು.

ಈಗ ಎಣಿಸಿ ನೋಡಿ. ಫಿಲ್ಮ್, ಡೆವಲಪರ್, ಹೈಪೋ, ಕಾಗದ. ಒಂದೊಂದು ಹೆಜ್ಜೆಯಲ್ಲೂ ಮಾರಲು ಒಂದು ವಸ್ತು. ಅದನ್ನು ಮಾಡಲು ಕೊಡಕ್‌ನಂಥ ನಾಲ್ಕೈದು ಕಂಪನಿಗೆ ಮಾತ್ರ ಬರುತ್ತಿತ್ತು. ಆ ವಿದ್ಯೆ ಎಷ್ಟು ಆಳ ಅಂದರೆ, ಹಸು ಸಾಸಿವೆ ಗಿಡ ತಿಂದಿದ್ದರೆ ಅದರ ಜೆಲಾಟಿನ್‌ನಿಂದ ಮಾಡಿದ ಫಿಲ್ಮ್ ಬೆಳಕಿಗೆ ಚುರುಕಾಗಿರುತ್ತದೆ ಅನ್ನುವುದನ್ನು 1920ರ ದಶಕದಲ್ಲೇ ಕೊಡಕ್‌ನ ವಿಜ್ಞಾನಿಗಳು ಕಂಡುಕೊಂಡಿದ್ದರು. ಸಾಸಿವೆಯ ಗಂಧಕದ ಅಂಶ ಅದಕ್ಕೆ ಕಾರಣ.

ಡಿಜಿಟಲ್ ಕ್ಯಾಮೆರಾ ಕಂಡುಹಿಡಿದಿದ್ದು ಕೊಡಕ್ಕೇ ಅಂತಾರೆ, ನಿಜನಾ?

ನಿಜ. 1975ರ ಡಿಸೆಂಬರ್‌ನಲ್ಲಿ, ಕೊಡಕ್‌ನ ಲ್ಯಾಬಿನಲ್ಲಿ. ಮಾಡಿದವರು ಸ್ಟೀವ್ ಸ್ಯಾಸನ್, ಇಪ್ಪತ್ತೈದರ ಹುಡುಗ ಎಂಜಿನಿಯರ್. ಸಿನಿಮಾ ಕ್ಯಾಮೆರಾದ ಲೆನ್ಸ್, ಫಿಲ್ಮ್ ಬದಲು ಬೆಳಕು ಹಿಡಿಯುವ ಫೇರ್‌ಚೈಲ್ಡ್ ಕಂಪನಿಯ ಸೆನ್ಸರ್, ಹಾಡು ಕೇಳುವಂಥ ಕ್ಯಾಸೆಟ್, 16 ಬ್ಯಾಟರಿ. ಇಷ್ಟನ್ನೂ ಸೇರಿಸಿ ಕಟ್ಟಿದ ಪೆಟ್ಟಿಗೆ. ತೂಕ ಮೂರೂವರೆ ಕೆ.ಜಿ.ಗೂ ಜಾಸ್ತಿ. ಒಂದು ಕಪ್ಪು-ಬಿಳುಪು ಫೋಟೋ ಕ್ಯಾಸೆಟ್‌ನಲ್ಲಿ ದಾಖಲಾಗಲು 23 ಸೆಕೆಂಡ್. ಫೋಟೋದಲ್ಲಿ ಒಟ್ಟು 10,000 ಚುಕ್ಕಿ, ಅಂದರೆ ಪಿಕ್ಸೆಲ್. ಈಗ ನಿಮ್ಮ ಜೇಬಿನಲ್ಲಿರುವ ಫೋನ್ ಕೋಟಿಗಟ್ಟಲೆ ಚುಕ್ಕಿಯ ಫೋಟೋ ತೆಗೆಯುತ್ತದೆ. ತೆಗೆದ ಚಿತ್ರವನ್ನು ಟಿವಿ ಪರದೆಯಲ್ಲಿ ನೋಡಬೇಕಿತ್ತು.

ಹಾಗಾದ್ರೆ ಬೇಕಂತಲೇ ಮುಚ್ಚಿಟ್ಟರು, ಅಲ್ವಾ?

ಅರ್ಧ ನಿಜ. ಹೊರಗೆ ಯಾರಿಗೂ ಹೇಳಬೇಡಿ ಅಂತ ಸ್ಯಾಸನ್‌ಗೆ ಹೇಳಿದ್ದು ಹೌದು, ಅದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆದರೆ ಕೆಲಸ ನಿಲ್ಲಿಸಲಿಲ್ಲ. 1978ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೂ ಮುಂಚೆ, 1976ರಲ್ಲಿ, ಕೊಡಕ್‌ನ ಬ್ರೈಸ್ ಬೇಯರ್ ಅವರಿಗೆ ಇನ್ನೊಂದು ಪೇಟೆಂಟ್ ಬಂದಿತ್ತು. ಸೆನ್ಸರ್ ಮೇಲೆ ಕೆಂಪು, ಹಸಿರು, ನೀಲಿ ಚೌಕಗಳನ್ನು ಜೋಡಿಸಿ ಬಣ್ಣ ಹಿಡಿಯುವ ಉಪಾಯ ಅದು. ಇವತ್ತು ಹೆಚ್ಚುಕಡಿಮೆ ಎಲ್ಲ ಫೋನ್ ಕ್ಯಾಮೆರಾದಲ್ಲೂ ಇರುವುದು ಅದೇ.

1986ರಲ್ಲಿ 14 ಲಕ್ಷ ಚುಕ್ಕಿಯ ಸೆನ್ಸರ್ ಮಾಡಿದರು. 1991ರಲ್ಲಿ ನಿಕಾನ್ ಎಫ್3 ಕ್ಯಾಮೆರಾಕ್ಕೆ ತಮ್ಮ ಸೆನ್ಸರ್ ಕೂರಿಸಿ ಪತ್ರಿಕಾ ಛಾಯಾಗ್ರಾಹಕರಿಗೆ ಮಾರಿದರು, ಬೆಲೆ ಮಾತ್ರ 20,000 ಡಾಲರ್‌ಗೂ ಮೇಲೆ. 1994ರಲ್ಲಿ ಆ್ಯಪಲ್ ಹೆಸರಲ್ಲಿ ಬಂದ ಕ್ವಿಕ್‌ಟೇಕ್ ಕ್ಯಾಮೆರಾವನ್ನು ಮಾಡಿಕೊಟ್ಟವರೂ ಕೊಡಕ್‌ನವರೇ. ಮುಚ್ಚಿಟ್ಟವರು ಇಷ್ಟೆಲ್ಲ ಮಾಡುತ್ತಾರಾ?

## ಸ್ವಲ್ಪ ಒಳಗೆ ಹೋದರೆ

ಎಲ್ಲಾ ಗೊತ್ತಿತ್ತು ಅಂದ್ರೆ ಯಾಕೆ ಸುಮ್ನೆ ಕೂತ್ರು?

ಇದೇ ಎಲ್ಲರೂ ಕೇಳುವುದು. ಮೊದಲ ಮಾತು, ಅವರು ಸುಮ್ಮನೆ ಕೂರಲಿಲ್ಲ. 1981ರಲ್ಲಿ ಸೋನಿಯವರು ಮಾವಿಕಾ ಅನ್ನುವ ಎಲೆಕ್ಟ್ರಾನಿಕ್ ಕ್ಯಾಮೆರಾ ತೋರಿಸಿದರು. ಕೊಡಕ್‌ನಲ್ಲಿ ಗಾಬರಿಯಾಯಿತು. ಮಾರುಕಟ್ಟೆ ಅಧ್ಯಯನದ ಮುಖ್ಯಸ್ಥ ವಿನ್ಸ್ ಬರಾಬಾ ಲೆಕ್ಕ ಹಾಕಿ ವರದಿ ಕೊಟ್ಟರು: ಡಿಜಿಟಲ್ ಫಿಲ್ಮ್‌ನ ಜಾಗಕ್ಕೆ ಬಂದೇ ಬರುತ್ತದೆ, ಆದರೆ ಇನ್ನೂ ಹತ್ತು ವರ್ಷ ಸಮಯ ಇದೆ. ಲೆಕ್ಕ ಬಹುಪಾಲು ಸರಿಯಾಗೇ ಇತ್ತು.

ಆ ಹತ್ತು ವರ್ಷದಲ್ಲಿ ಏನು ಮಾಡಿದರು ಅನ್ನುವುದರಲ್ಲಿ ಕತೆ ಇದೆ. ಡಿಜಿಟಲ್ ಅನ್ನು ಫಿಲ್ಮ್‌ಗೆ ಸಹಾಯ ಮಾಡುವ ಹಾಗೆ ಬಗ್ಗಿಸಲು ನೋಡಿದರು. 1992ರಲ್ಲಿ ಫೋಟೋ ಸಿಡಿ ಬಂತು. ರೋಲಿನಲ್ಲೇ ಫೋಟೋ ತೆಗೆಯಿರಿ, ನಾವು ಸಿಡಿಗೆ ಹಾಕಿಕೊಡುತ್ತೇವೆ, ಟಿವಿಯಲ್ಲಿ ನೋಡಿ ಅಂದರು. ಅದಕ್ಕೆ ಬೇರೆ ಪ್ಲೇಯರ್ ಬೇಕು, ದುಬಾರಿ, ಜನ ಕೊಳ್ಳಲಿಲ್ಲ. 1996ರಲ್ಲಿ ಅಡ್ವಾಂಟಿಕ್ಸ್ ಬಂತು. ಹೊಸ ನಮೂನೆಯ ಫಿಲ್ಮ್, ಅದರ ಜೊತೆ ಮಾಹಿತಿ ಬರೆದಿಡುವ ಕಾಂತದ ಲೇಪ. ಡಿಜಿಟಲ್ ಬಾಗಿಲಲ್ಲಿ ನಿಂತಿದ್ದಾಗ ಹೊಸ ಫಿಲ್ಮ್‌ಗೆ ಅಷ್ಟೊಂದು ಹಣ ಸುರಿದರು.

ಯಾಕೆ ಅಂದರೆ, ನಮ್ಮ ಸ್ಟುಡಿಯೋ ಲೆಕ್ಕದಲ್ಲೇ ಹೇಳುತ್ತೇನೆ. ಆಗ ಒಂದು ಮದುವೆಗೆ ಹತ್ತು ರೋಲ್. ಹತ್ತು ಸಲ ಮೂವತ್ತಾರು, 360 ಫೋಟೋ. ಹತ್ತು ರೋಲಿನ ದುಡ್ಡು ಫಿಲ್ಮ್ ಕಂಪನಿಗೆ. ತೊಳೆಯುವ ರಾಸಾಯನಿಕ, 360 ಪ್ರಿಂಟಿನ ಕಾಗದ, ಅದರಲ್ಲೂ ಅವರಿಗೆ ಪಾಲು. ಈಗ ಅದೇ ಮದುವೆಯಲ್ಲಿ ನನ್ನ ಮಗ 3,000 ಫೋಟೋ ತೆಗೆಯುತ್ತಾನೆ. ಕಾರ್ಡ್ ಒಂದೇ, ಮುಂದಿನ ಮದುವೆಗೂ ಅದೇ. ಆಲ್ಬಮ್‌ಗೆ ನೂರೈವತ್ತು ಆರಿಸಿದರೆ ಹೆಚ್ಚು.

ಕೊಡಕ್ ಮೇಲಿನವರಿಗೆ ಈ ಲೆಕ್ಕ ಚೆನ್ನಾಗಿ ಕಾಣಿಸಿತ್ತು. ಡಿಜಿಟಲ್‌ಗೆ ಹೋದರೆ ಒಂದು ವ್ಯಾಪಾರದಿಂದ ಇನ್ನೊಂದಕ್ಕೆ ಹೋದ ಹಾಗಲ್ಲ. ದಿನಾ ಹಾಲು ಕರೆಯುವ ಹಸುವನ್ನು ಕೊಟ್ಟು, ಒಂದೇ ಸಲ ಮಾರುವ ಸಾಮಾನನ್ನು ತಂದ ಹಾಗೆ. 1988ರಲ್ಲಿ ಆ ಕಂಪನಿಯಲ್ಲಿ 1,45,000ಕ್ಕೂ ಹೆಚ್ಚು ಜನ ಕೆಲಸಕ್ಕಿದ್ದರು. ಅವರ ಸಂಬಳ ಹಸುವಿನ ಹಾಲಿನಿಂದ ಬರುತ್ತಿತ್ತು. ಇದನ್ನು ದಡ್ಡತನ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಿಮಗೆ ಮೊದಲೇ ಗೊತ್ತಾಗಲಿಲ್ವಾ ಸರ್? ನಿಮ್ಮ ಅಂಗಡಿಗೆ ಡಿಜಿಟಲ್ ಬಂದಿದ್ದು ಯಾವಾಗ?

ಗೊತ್ತಿತ್ತು. ಗೊತ್ತಿದ್ದೂ ನಾನು 2001ರಲ್ಲಿ ಸಾಲ ಮಾಡಿ ಕಲರ್ ಲ್ಯಾಬ್ ಮಷೀನ್ ತಂದೆ. ನೆಗೆಟಿವ್‌ನಿಂದ ಮಾತ್ರ ಪ್ರಿಂಟ್ ಹಾಕುವ ಮಷೀನ್ ಅದು. ಮೆಮೊರಿ ಕಾರ್ಡಿನಿಂದ ಹಾಕುವ ಮಷೀನೂ ಇತ್ತು, ಆದರೆ ಅದರ ಬೆಲೆ ಹಲವು ಪಟ್ಟು. ಮಾರಲು ಬಂದವರು ಇನ್ನೂ ಹತ್ತು ವರ್ಷ ಏನೂ ಆಗಲ್ಲ ಅಂದರು. ಆ ಮಾತನ್ನು ನಂಬಲು ನನಗೂ ಆಸೆ ಇತ್ತು.

ಮೊದಲ ಎರಡು ದಸರಾ ಚೆನ್ನಾಗಿ ನಡೆಯಿತು. ಜಂಬೂಸವಾರಿ ಮರುದಿನ ರೋಲ್ ತೊಳೆಸಲು ಜನ ಸಾಲು ನಿಲ್ಲುತ್ತಿದ್ದರು. ಮೂರನೇ ದಸರಾಕ್ಕೆ ಬೆಂಗಳೂರಿನಿಂದ ಬಂದ ಒಬ್ಬರು ಕೌಂಟರ್ ಮೇಲೆ ಉಗುರಿನಷ್ಟು ಕಾರ್ಡ್ ಇಟ್ಟು ಪ್ರಿಂಟ್ ಹಾಕಿಕೊಡಿ ಅಂದರು. ನಮ್ಮಲ್ಲಿ ಆಗಲ್ಲ ಅಂದೆ. ಆ ವಾರ ಇನ್ನೂ ನಾಲ್ಕು ಜನಕ್ಕೆ ಅದೇ ಮಾತು ಹೇಳಿದೆ. ಸಾಲ ತೀರುವ ಮೊದಲೇ ಮಷೀನ್ ನಿಂತಿತು. ಕೊನೆಗೆ ಗುಜರಿಯವರು ತೂಕಕ್ಕೆ ಹಾಕಿಕೊಂಡು ಹೋದರು.

ಲ್ಯಾಬಿನಲ್ಲಿ ನಾಲ್ಕು ಜನ ಇದ್ದರು. ಅದರಲ್ಲಿ ಒಬ್ಬರು ಅಪ್ಪನ ಕಾಲದವರು, ವಾಸನೆ ನೋಡಿಯೇ ಡೆವಲಪರ್ ದಣಿದಿದೆ ಅಂತ ಹೇಳುತ್ತಿದ್ದರು. ಕಂಪ್ಯೂಟರ್ ಮುಂದೆ ಕೂರಿಸಿದೆ, ಕಲಿಸಲು ನೋಡಿದೆ. ಆಗಲಿಲ್ಲ. ಅವರಿಗೆ ಇನ್ನು ಬರಬೇಡಿ ಅಂತ ಹೇಳಿದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕು ಜನಕ್ಕೆ ಹೇಳುವುದೇ ಅಷ್ಟು ಕಷ್ಟ. ಅವರ ಮುಖ ನೋಡಿಕೊಂಡೇ ನಾನು ಎರಡು ವರ್ಷ ತಡ ಮಾಡಿದ್ದು.

ಇನ್ನೊಂದು ಮಾತು. 2004ರಲ್ಲಿ ಕೊಡಕ್ ಅಮೆರಿಕ, ಕೆನಡಾ, ಪಶ್ಚಿಮ ಯುರೋಪಿನಲ್ಲಿ ರೋಲ್ ಕ್ಯಾಮೆರಾ ಮಾರುವುದನ್ನು ನಿಲ್ಲಿಸಿತು. ಭಾರತ, ಚೀನಾದಲ್ಲಿ ಮುಂದುವರಿಸುತ್ತೇವೆ ಅಂದಿತು. ಇಲ್ಲಿ ಫಿಲ್ಮ್ ಇನ್ನೂ ಬೆಳೆಯುತ್ತದೆ ಅನ್ನುವ ನಂಬಿಕೆ. ನಮ್ಮಲ್ಲಿ ಎಷ್ಟೋ ಮನೆಗಳು ರೋಲ್ ಕ್ಯಾಮೆರಾ ಕೊಳ್ಳದೇ ನೇರವಾಗಿ ಫೋನಿಗೆ ಹೋದವು.

ಫ್ಯೂಜಿನೂ ಫಿಲ್ಮ್ ಕಂಪನಿನೇ, ಅದು ಹೇಗೆ ಬದುಕ್ತು?

ಫ್ಯೂಜಿಯಲ್ಲಿ 2000ದಲ್ಲಿ ಶಿಗೆತಾಕ ಕೊಮೊರಿ ಅಧ್ಯಕ್ಷರಾದರು. ಜಗತ್ತಿನಲ್ಲಿ ಫಿಲ್ಮ್ ಮಾರಾಟ ತುದಿ ಮುಟ್ಟಿದ ಹೊತ್ತು ಅದು. ಆಮೇಲೆ ಇಳಿಜಾರು, ಅದೂ ಯಾರೂ ಎಣಿಸದಷ್ಟು ವೇಗದಲ್ಲಿ. ಅವರು ಕೇಳಿಕೊಂಡ ಪ್ರಶ್ನೆ ಬೇರೆ. ಫೋಟೋ ಬಿಟ್ಟರೆ ನಮ್ಮ ಕೈಗೆ ಬರುವ ವಿದ್ಯೆ ಯಾವುದು?

ಫಿಲ್ಮ್ ಪಟ್ಟಿ ಮಾಡುವ ವಿದ್ಯೆಯಿಂದ ಟಿವಿ, ಕಂಪ್ಯೂಟರ್ ಪರದೆಯ ಒಳಗೆ ಬೇಕಾಗುವ ತೆಳು ಹಾಳೆ ಮಾಡಿದರು. ಎಲ್‌ಸಿಡಿ ಪರದೆ ಬಂದ ಕಾಲ, ಅದೇ ದೊಡ್ಡ ವ್ಯಾಪಾರ ಆಯಿತು. ಜೆಲಾಟಿನ್ ಅಂದರೆ ಕೊಲಾಜೆನ್, ನಮ್ಮ ಚರ್ಮದಲ್ಲಿ ಇರುವುದೂ ಅದೇ. ಫೋಟೋ ಬಣ್ಣ ಮಾಸದ ಹಾಗೆ ತಡೆಯುವ ರಸಾಯನ ವಿದ್ಯೆಯನ್ನು ಮುಖದ ಕ್ರೀಮಿಗೆ ಹಚ್ಚಿದರು. 2007ರಲ್ಲಿ ಆಸ್ಟಾಲಿಫ್ಟ್ ಅನ್ನುವ ಹೆಸರಲ್ಲಿ ಅದು ಬಂತು. 2008ರಲ್ಲಿ ಔಷಧ ಕಂಪನಿ ಕೊಂಡರು.

ಆದರೆ ಫ್ಯೂಜಿಯನ್ನು ಬರೀ ಜಾಣ, ಕೊಡಕ್ ಅನ್ನು ಬರೀ ಪೆದ್ದ ಅಂತ ಹೇಳುವುದು ನ್ಯಾಯವಲ್ಲ. ಫ್ಯೂಜಿಯೂ ಸಾವಿರಾರು ಜನರನ್ನು ಕೆಲಸದಿಂದ ಕಳಿಸಿತು.

ಕೊನಿಕಾ, ಆಗ್ಫಾ ಎಲ್ಲಾ ಎಲ್ಲಿ ಹೋದ್ವು?

ಆಗ್ಫಾದ ಫೋಟೋ ಕಂಪನಿ 2005ರಲ್ಲಿ ದಿವಾಳಿಯಾಯಿತು. ಕೊನಿಕಾ ಮಿನೋಲ್ಟಾ 2006ರಲ್ಲಿ ಫಿಲ್ಮ್, ಕ್ಯಾಮೆರಾ ಎರಡನ್ನೂ ಬಿಡುವುದಾಗಿ ಹೇಳಿತು, ಈಗ ಜೆರಾಕ್ಸ್, ಪ್ರಿಂಟಿಂಗ್ ಮಷೀನುಗಳಲ್ಲಿದೆ. ನಮ್ಮೂರಿನ ಕಲರ್ ಲ್ಯಾಬುಗಳ ಬೋರ್ಡುಗಳೂ ಆಗಲೇ ಇಳಿದವು.

ಊಟಿಯ 'ಇಂದು' ಫಿಲ್ಮ್ ಕೂಡ ಡಿಜಿಟಲ್‌ನಿಂದಲೇ ಮುಚ್ಚಿತಾ?

ಇಲ್ಲ. ಇದನ್ನು ತುಂಬಾ ಜನ ತಪ್ಪಾಗಿ ಹೇಳುತ್ತಾರೆ.

'ಇಂದು' ಹೆಸರಲ್ಲಿ ಫಿಲ್ಮ್ ಮಾಡುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕೇಂದ್ರ ಸರ್ಕಾರದ ಕಾರ್ಖಾನೆ. 1960ರಲ್ಲಿ ಸ್ಥಾಪನೆ, 1967ರಿಂದ ಉತ್ಪಾದನೆ. ಫಿಲ್ಮ್‌ಗೆ ಧೂಳಿಲ್ಲದ ತಣ್ಣನೆ ಹವೆ ಬೇಕು, ಅದಕ್ಕೇ ಊಟಿ. ತಂತ್ರಜ್ಞಾನ ಫ್ರಾನ್ಸಿನ ಬೋಶೆ ಕಂಪನಿಯದು. ಬಂಡೀಪುರ, ಗೂಡಲೂರು ದಾಟಿ ಹೋದರೆ ಮೈಸೂರಿನಿಂದ ಕೆಲವೇ ಗಂಟೆಯ ದಾರಿ. 'ಇಂದು' ಫಿಲ್ಮ್, 'ಇಂದು' ಕಾಗದ ನಮ್ಮ ಡಾರ್ಕ್ ರೂಮಿನಲ್ಲಿ ಸದಾ ಇರುತ್ತಿತ್ತು. ಆಸ್ಪತ್ರೆಗಳಲ್ಲಿ 'ಇಂದು' ಎಕ್ಸ್‌ರೇ ಫಿಲ್ಮ್ ಇರುತ್ತಿತ್ತು. ನಮ್ಮ ದೇಶದಲ್ಲೇ ಮಾಡಿದ ಫಿಲ್ಮ್ ಅಂತ ಅಪ್ಪನಿಗೆ ಅದರ ಮೇಲೆ ಬಹಳ ಅಭಿಮಾನ.

ಅದರ ಬಲ ಇದ್ದದ್ದು ಕಪ್ಪು-ಬಿಳುಪಿನಲ್ಲಿ. ಜನ ಕಲರ್‌ಗೆ ಹೋದರು. 1991ರ ನಂತರ ಆಮದು ಸಡಿಲವಾಯಿತು, ಹೊರಗಿನ ಮಾಲು ಸುಲಭಕ್ಕೆ ಸಿಗತೊಡಗಿತು. ಸಾಲದ ಬಡ್ಡಿ ಏರಿತು. 1996ರ ಹೊತ್ತಿಗೇ ಅದು ರೋಗಗ್ರಸ್ತ ಉದ್ಯಮಗಳ ಪಟ್ಟಿಗೆ ಸೇರಿತ್ತು. ಆಗ ಮೈಸೂರಿನಲ್ಲಿ ಡಿಜಿಟಲ್ ಕ್ಯಾಮೆರಾ ಕಣ್ಣಲ್ಲಿ ನೋಡಿದವರೇ ಅಪರೂಪ. ಡಿಜಿಟಲ್ ಬಂದಾಗ ಅದು ಆಗಲೇ ಮಲಗಿತ್ತು. ಏಳುವ ದಾರಿ ಮಾತ್ರ ಮುಚ್ಚಿಹೋಯಿತು.

## ಲೆಕ್ಕಪತ್ರ ಓದುವವರು ಕೇಳುವುದು

ಕೊಡಕ್ ಈಸಿಶೇರ್ ಚೆನ್ನಾಗೇ ಓಡ್ತಿತ್ತಲ್ಲ, ಮತ್ತೆ ನಷ್ಟ ಹೇಗಾಯ್ತು?

ಒಳ್ಳೆಯ ಪ್ರಶ್ನೆ. 2001ರಲ್ಲಿ ಬಂದ ಈಸಿಶೇರ್ ಕ್ಯಾಮೆರಾಗಳು ನಿಜಕ್ಕೂ ಸುಲಭ ಇದ್ದವು. 2005ರ ಹೊತ್ತಿಗೆ ಅಮೆರಿಕದ ಡಿಜಿಟಲ್ ಕ್ಯಾಮೆರಾ ಮಾರಾಟದಲ್ಲಿ ಕೊಡಕ್ ಮೊದಲ ಸ್ಥಾನದಲ್ಲಿತ್ತು. ತಡ ಮಾಡಿ ಹೋಯ್ತು ಅನ್ನುವವರು ಇದನ್ನು ಮರೆಯುತ್ತಾರೆ.

ಕಷ್ಟ ಬೇರೆ ಕಡೆ ಇತ್ತು. ಫಿಲ್ಮ್ ಮಾಡಲು ನಾಲ್ಕೈದು ಕಂಪನಿಗೆ ಮಾತ್ರ ಬರುತ್ತಿತ್ತು. ಡಿಜಿಟಲ್ ಕ್ಯಾಮೆರಾ ಬಿಡಿಭಾಗ ಕೊಂಡು ಜೋಡಿಸುವ ವಸ್ತು. ಎಲೆಕ್ಟ್ರಾನಿಕ್ಸ್ ಕಂಪನಿಗಳೆಲ್ಲ ಇಳಿದವು. ಆರಾರು ತಿಂಗಳಿಗೆ ಹೊಸ ಮಾಡೆಲ್, ಬೆಲೆ ಇಳಿಕೆ. ಎಷ್ಟು ಮಾರಿದರೂ ಕೈಯಲ್ಲಿ ನಿಲ್ಲುವ ದುಡ್ಡು ಕಡಿಮೆ.

ಅದರ ಮೇಲೆ ಫೋನ್ ಬಂತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಹೊರಬಿದ್ದವು. 2020ರಲ್ಲಿ 1 ಕೋಟಿಗೂ ಕಡಿಮೆ. ಅಂದರೆ ಕೊಡಕ್ ಡಿಜಿಟಲ್‌ನಲ್ಲಿ ಪೂರ್ತಿ ಗೆದ್ದಿದ್ದರೂ, ಗೆದ್ದ ಆ ಮಾರುಕಟ್ಟೆಯೇ ಹತ್ತು ವರ್ಷದಲ್ಲಿ ಕರಗಿಹೋಗುತ್ತಿತ್ತು. ಬೃಂದಾವನದಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಫೋಟೋ ಬೇಕಾ ಸರ್ ಅನ್ನುತ್ತಿದ್ದವರ ಹೊಟ್ಟೆಗೆ ಹೊಡೆದದ್ದೂ ಆ ಫೋನೇ.

ಜನ ಪ್ರಿಂಟ್ ಹಾಕಿಸೇ ಹಾಕಿಸ್ತಾರೆ ಅಂತ ನಂಬಿದ್ದು ತಪ್ಪಾ?

ತಪ್ಪೇ, ಆದರೆ ಆ ತಪ್ಪನ್ನು ನಾವೆಲ್ಲರೂ ಮಾಡಿದೆವು. ರೋಲ್ ಹೋದರೂ ಕಾಗದ ಉಳಿಯುತ್ತದೆ ಅನ್ನುವುದು ಕೊಡಕ್‌ನ ಲೆಕ್ಕ. 2001ರಲ್ಲಿ ಒಫೋಟೋ ಅನ್ನುವ ಆನ್‌ಲೈನ್ ಫೋಟೋ ಸಂಸ್ಥೆಯನ್ನು ಕೊಂಡರು. ಜನ ಫೋಟೋ ಹಾಕುವ, ಹಂಚುವ ಜಾಗ ಅದು. ಅದನ್ನು ಹಂಚುವ ಜಾಗವಾಗಿ ಬೆಳೆಸುವ ಬದಲು ಪ್ರಿಂಟ್ ಆರ್ಡರ್ ತರುವ ಅಂಗಡಿಯಾಗಿ ನೋಡಿದರು. 2012ರಲ್ಲಿ ಅದನ್ನು ಮಾರಿದಾಗ ಸಿಕ್ಕಿದ್ದು 2.38 ಕೋಟಿ ಡಾಲರ್. ಎಚ್‌ಪಿಯಿಂದ ಬಂದು 2005ರಲ್ಲಿ ಮುಖ್ಯಸ್ಥರಾದ ಆಂಟೋನಿಯೊ ಪೆರೆಜ್ ಇಂಕ್‌ಜೆಟ್ ಪ್ರಿಂಟರ್ ಮೇಲೆ ಹಣ ಹೂಡಿದರು. ಅದೂ ನಡೆಯಲಿಲ್ಲ.

ಜನಕ್ಕೆ ಬೇಕಾಗಿದ್ದದ್ದು ಕಾಗದ ಅಲ್ಲ, ತೋರಿಸುವುದು. ಮೊದಲು ತೋರಿಸಲು ಕಾಗದ ಬೇಕಿತ್ತು, ಅಷ್ಟೇ.

2012ರ ದಿವಾಳಿ ಅಂದ್ರೆ ಬಾಗಿಲು ಹಾಕಿದ್ರಾ?

ಇಲ್ಲ. 2012ರ ಜನವರಿ 19ರಂದು ಕೋರ್ಟಿಗೆ ಹೋಗಿ ಸಾಲ ಕೊಟ್ಟವರಿಂದ ರಕ್ಷಣೆ ಕೇಳಿದರು. ವ್ಯಾಪಾರ ನಡೆಸುತ್ತಲೇ ಸಾಲ ಹೊಂದಿಸಿಕೊಳ್ಳಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಡಿಜಿಟಲ್ ಪೇಟೆಂಟುಗಳಿಗೆ 220ರಿಂದ 260 ಕೋಟಿ ಡಾಲರ್ ಬೆಲೆ ಬರಬಹುದು ಅಂತ ಅವರ ಕಡೆಯ ಅಂದಾಜು ಇತ್ತು. ಸುಮಾರು 1,100 ಪೇಟೆಂಟಿಗೆ ಕೊನೆಗೆ ಬಂದದ್ದು 52 ಕೋಟಿ ಚಿಲ್ಲರೆ. ಕೊಂಡವರ ಗುಂಪಿನಲ್ಲಿ ಆ್ಯಪಲ್, ಗೂಗಲ್ ಎಲ್ಲ ಇದ್ದವು. 2013ರ ಸೆಪ್ಟೆಂಬರ್‌ನಲ್ಲಿ ತುಂಬಾ ಸಣ್ಣ ಕಂಪನಿಯಾಗಿ ಹೊರಬಂದರು.

ಅವರ ಜಾಗದಲ್ಲಿ ನೀವಿದ್ದಿದ್ರೆ ಏನು ಮಾಡ್ತಿದ್ರಿ?

ದೂರದಲ್ಲಿ ಕೂತು ಹೇಳುವುದು ಸುಲಭ ಅಂತ ಗೊತ್ತು. ಆದರೂ ನನಗೆ ಅನ್ನಿಸುವುದನ್ನು ಹೇಳುತ್ತೇನೆ. ಕೊಡಕ್‌ನ ದೊಡ್ಡ ತಪ್ಪು ಡಿಜಿಟಲ್‌ಗೆ ತಡವಾಗಿ ಹೋಗಿದ್ದಲ್ಲ. ಫೋಟೋ ಬಿಟ್ಟು ಬದುಕುವ ಬಾಗಿಲುಗಳನ್ನು ಒಂದೊಂದಾಗಿ ಮಾರಿಕೊಂಡಿದ್ದು.

1988ರಲ್ಲಿ ಸ್ಟರ್ಲಿಂಗ್ ಅನ್ನುವ ಔಷಧ ಕಂಪನಿಯನ್ನು 510 ಕೋಟಿ ಡಾಲರ್ ಕೊಟ್ಟು ಕೊಂಡರು. ಸಾಲ ಹೆಚ್ಚಾಯಿತು, 1994ರಲ್ಲಿ ಬಿಡಿಬಿಡಿಯಾಗಿ ಮಾರಿದರು. ಅದೇ ವರ್ಷ ರಾಸಾಯನಿಕ ವಿಭಾಗವನ್ನು ಬೇರೆ ಮಾಡಿದರು. ಆ ಈಸ್ಟ್‌ಮನ್ ಕೆಮಿಕಲ್ ಇವತ್ತಿಗೂ ಗಟ್ಟಿಯಾಗಿ ನಡೆಯುತ್ತಿದೆ. 2007ರಲ್ಲಿ ಎಕ್ಸ್‌ರೇ, ಆಸ್ಪತ್ರೆ ವಿಭಾಗವನ್ನು 235 ಕೋಟಿ ಡಾಲರ್‌ಗೆ ಮಾರಿದರು. ಒಎಲ್‌ಇಡಿ ಅನ್ನುವ, ತಾನೇ ಬೆಳಗುವ ಪರದೆಯ ಮೂಲ ಕೆಲಸ 1987ರಲ್ಲಿ ಕೊಡಕ್‌ನ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಮಾಡಿದ್ದು. ಅದನ್ನು 2009ರಲ್ಲಿ ಎಲ್‌ಜಿಗೆ ಕೊಟ್ಟರು. 2011ರಲ್ಲಿ ಸೆನ್ಸರ್ ವಿಭಾಗವೂ ಹೋಯಿತು.

ಒಂದೊಂದು ಸಲವೂ ಕಾರಣ ಇತ್ತು, ಸಾಲ ತೀರಿಸಬೇಕು, ಮುಖ್ಯ ವ್ಯಾಪಾರಕ್ಕೆ ಹಣ ಬೇಕು. ಮಂಡ್ಯ ಕಡೆ ಗದ್ದೆ ಇದ್ದವರು ಬರದ ವರ್ಷ ಬಿತ್ತನೆ ಭತ್ತ ಮಾರಿದರೆ ಹಿರಿಯರು ಬೈಯುತ್ತಾರಲ್ಲ, ಹಾಗೆ. ನಾನಾಗಿದ್ದರೆ ರಾಸಾಯನಿಕವನ್ನೂ ಆಸ್ಪತ್ರೆ ವಿಭಾಗವನ್ನೂ ಹಿಡಿದುಕೊಂಡು, ಫೋಟೋವನ್ನು ಚಿಕ್ಕದು ಮಾಡುತ್ತಿದ್ದೆ. ಆದರೆ ಕೊಡಕ್ ಅಂದರೇ ಫೋಟೋ ಅಂತ ನಂಬಿದವರಿಗೆ ಅದನ್ನು ಹೇಳುವ ಧೈರ್ಯ ಬರುತ್ತಿತ್ತಾ? ನಾಲ್ಕು ಜನಕ್ಕೆ ಹೇಳಲು ನನಗೇ ಎರಡು ವರ್ಷ ಹಿಡಿಯಿತು.

## ಈಗಿನ ಮಾತು

ಅಂಗಡೀಲಿ ಕೊಡಕ್ ಟಿವಿ ಇದೆಯಲ್ಲ, ಅದೇ ಕಂಪನಿನಾ?

ಹೆಸರು ಮಾತ್ರ. ಕೊಡಕ್ ತನ್ನ ಹೆಸರನ್ನು ಬಳಸಲು ಬೇರೆಯವರಿಗೆ ಹಣಕ್ಕೆ ಕೊಡುತ್ತದೆ. ಇಲ್ಲಿನ ಕೊಡಕ್ ಟಿವಿ ನೋಯ್ಡಾದ ಸೂಪರ್ ಪ್ಲಾಸ್ಟ್ರಾನಿಕ್ಸ್ ಕಂಪನಿಯದು.

ಹುಡುಗರು ಮತ್ತೆ ರೋಲ್ ಹಾಕ್ತಿದ್ದಾರೆ. ಫಿಲ್ಮ್ ವಾಪಸ್ ಬರುತ್ತಾ?

ಸಣ್ಣದಾಗಿ ಬಂದಿದೆ. ರಾಚೆಸ್ಟರ್‌ನಲ್ಲಿ ಇವತ್ತಿಗೂ ಕೊಡಕ್ ಫಿಲ್ಮ್ ಮಾಡುತ್ತದೆ. 2015ರಲ್ಲಿ ಹಾಲಿವುಡ್‌ನ ದೊಡ್ಡ ಸ್ಟುಡಿಯೋಗಳು ಸಿನಿಮಾ ಫಿಲ್ಮ್ ಕೊಳ್ಳುತ್ತಲೇ ಇರುತ್ತೇವೆ ಅಂತ ಒಪ್ಪಂದ ಮಾಡಿಕೊಂಡವು, ಅದರಿಂದಲೇ ಆ ಯಂತ್ರಗಳು ನಿಲ್ಲಲಿಲ್ಲ. ಆದರೆ 1935ರಲ್ಲಿ ಶುರುವಾದ ಕೊಡಾಕ್ರೋಮ್ 2009ರಲ್ಲಿ ನಿಂತದ್ದು ನಿಂತೇ ಹೋಯಿತು. ಅದನ್ನು ತೊಳೆಯುವ ಕ್ರಮವೇ ಬೇರೆ, 2010ರ ಕೊನೆಯಲ್ಲಿ ಜಗತ್ತಿನ ಕೊನೆಯ ಲ್ಯಾಬೂ ನಿಲ್ಲಿಸಿತು.

ರೋಲ್ ಹಾಕುವ ಹುಡುಗರು ಬಂದರೆ ನನಗೆ ತುಂಬಾ ಖುಷಿ. ಅಪ್ಪನ ಡಾರ್ಕ್ ರೂಮಿನ ಒಂದು ಸಿಂಕ್ ಇನ್ನೂ ಇಟ್ಟುಕೊಂಡಿದ್ದೇನೆ. ಕಪ್ಪು-ಬಿಳುಪು ರೋಲ್ ತಂದರೆ ಅಲ್ಲೇ ತೊಳೆಯುವುದನ್ನು ಕಲಿಸುತ್ತೇನೆ. ಕಲರ್ ಬೇರೆ ಕಡೆ ಕಳಿಸಬೇಕು.

ನಮ್ಮನೇಲಿ ಹಳೇ ನೆಗೆಟಿವ್ ರಾಶಿ ಇದೆ. ಇಟ್ಕೊಳ್ಳೋದಾ, ಎಸೆಯೋದಾ?

ದಯವಿಟ್ಟು ಎಸೆಯಬೇಡಿ. ಪ್ರಿಂಟ್ ಮಾಸಿರಬಹುದು, ನೆಗೆಟಿವ್‌ನಲ್ಲಿ ನಿಮ್ಮ ತಾತನ ಮುಖ ಇನ್ನೂ ಹಾಗೇ ಇರುತ್ತದೆ.

ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಅದೇ ದೊಡ್ಡ ಶತ್ರು. ಜೆಲಾಟಿನ್ ಅಂದರೆ ಬೂಷ್ಟಿಗೆ ಊಟ. ಪೇಪರ್‌ನಲ್ಲಿ ಸುತ್ತಿಡಬೇಡಿ, ಮೆತ್ತಗಿನ ಪಿವಿಸಿ ಕವರೂ ಬೇಡ, ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲಿನ್ ಕವರ್ ಸಿಗುತ್ತದೆ, ಅದರಲ್ಲಿ ಹಾಕಿ, ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಟ್ಟದ ಮೇಲೆ ಬೇಡ, ಅಲ್ಲಿ ಶಾಖ ಜಾಸ್ತಿ. ಅಂಚಲ್ಲಿ ಹಿಡಿಯಿರಿ, ಬೆರಳಚ್ಚು ಬೀಳಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ.

ಸ್ಕ್ಯಾನ್ ಮಾಡಿಸುವಾಗ 2,400ರಿಂದ 3,200 ಡಿಪಿಐ (ಅಂಗುಲಕ್ಕೆ ಅಷ್ಟು ಚುಕ್ಕಿ) ಕೇಳಿ. ಮಾಡಿಸಿದ ಮೇಲೂ ನೆಗೆಟಿವ್ ವಾಪಸ್ ತೆಗೆದುಕೊಳ್ಳಿ. ಫೈಲನ್ನು ಎರಡು ಬೇರೆ ಬೇರೆ ಜಾಗದಲ್ಲಿ ಇಡಿ. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಹಿರಿಯರು ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಯಾರು, ಯಾವ ಊರು, ಯಾವ ಮದುವೆ ಅಂತ ಕೇಳಿ ಕವರ್ ಮೇಲೆ ಬರೆದುಕೊಳ್ಳಿ. ಅದನ್ನು ಯಾವ ಸ್ಕ್ಯಾನರೂ ಹೇಳುವುದಿಲ್ಲ.